ಯಾರೂ ಹೇಳಿಕೊಡದ ಕೊನೆಯ ಎರಡು ಸಾಲು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಉಣ್ಣೆ ಗಿರಣಿಯಲ್ಲಿ ನೇಯುತ್ತಿದ್ದ ಕ್ಲಾರಾ ಹೋಲ್‌ರಾಯ್ಡ್ ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ಯುದ್ಧ ಮುಗಿದ ಹೊಸದರಲ್ಲಿ ಮಗಳು ಹಿಲ್ಡಾ ನಾಟಕದ ಹುಚ್ಚು ಹತ್ತಿಸಿಕೊಂಡು ಊರಿನ ಕಂಪನಿ ಸೇರಿದಾಗ ಅವಳು ಹೇಳಿದ್ದು ಇಷ್ಟೆ:

“ಕ್ರಿಸ್‌ಮಸ್ ಆಟದ ಮೊದಲ್ನೇ ದಿನ ಬಂದು ನೋಡ್ತೀನಿ. ನನ್ನ ಮನಸ್ಸಿಗೆ ಬರ್ಲಿಲ್ವೋ, ಹೊಸ ವರ್ಷಕ್ಕೆ ನನ್ನ ಪಕ್ಕದ ಮಗ್ಗಕ್ಕೆ ಬರ್ಬೇಕು. ಮೇಸ್ತ್ರಿ ಹತ್ರ ಆಗ್ಲೇ ಮಾತಾಡಿಟ್ಟಿದ್ದೀನಿ.”

ಹಿಲ್ಡಾಳಿಗೆ ಸಿಕ್ಕಿದ್ದು ಕಿನ್ನರಿಯ ಪಾತ್ರ. ಪರದೆ ಬೀಳುವ ಮುಂಚೆ ಪ್ರಾಸದ ಎರಡು ಸಾಲು ಹೇಳಿ ಆಟ ಮುಗಿಸುವವಳು ಕಿನ್ನರಿಯೇ. ಆದರೆ ತಾಲೀಮಿನಲ್ಲಿ ಆ ಸಾಲುಗಳನ್ನು ಅಪ್ಪಿತಪ್ಪಿಯೂ ಆಡುವಂತಿಲ್ಲ. ಜನರಿಲ್ಲದೆ ಆಟ ಪೂರ್ತಿಯಾದರೆ ಕಂಪನಿಗೆ ಕೇಡು ತಪ್ಪಿದ್ದಲ್ಲ ಎಂದು ನಾಟಕದವರ ನಂಬಿಕೆ. ಹಾಗಾಗಿ ದಿನಾ ಹಿಲ್ಡಾ “ಲಾ ಲಾ ಲಾ” ಎಂದು ಕೈಯೆತ್ತುವಳು, ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಹೋಗುವರು.

ಮೊದಲ ಆಟದ ಸಂಜೆ ರಂಗಮಂದಿರ ತುಂಬಿ ತುಳುಕುತ್ತಿತ್ತು. ಮೇಲಿನ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕ್ಲಾರಾ, ಟೋಪಿ ಕೂಡ ತೆಗೆಯದೆ, ಕೈಕಟ್ಟಿ ಕೂತಿದ್ದಳು. ಕೊನೆಯ ದೃಶ್ಯಕ್ಕೆ ಮುಂಚೆ ಹಿಲ್ಡಾ, ಆಟ ಬರೆದು ಅದರಲ್ಲಿ ತಾನೇ ಮುದುಕಿಯ ವೇಷವನ್ನೂ ಹಾಕಿದ್ದ ಪರ್ಸಿ ಟನಿಕ್ಲಿಫ್‌ನ ಬಳಿಗೆ ಓಡಿದಳು.

“ಸಾರ್, ಈಗಲಾದ್ರೂ ಆ ಎರಡು ಸಾಲು ಹೇಳ್ಕೊಡಿ.”

ಪರ್ಸಿ ಲಂಗ ಸರಿಪಡಿಸಿಕೊಳ್ಳುತ್ತಿದ್ದವನು ಹಾಗೇ ನಿಂತ. “ನಾನೆಲ್ಲಿಂದ ಹೇಳ್ಕೊಡ್ಲಿ? ಅಪಶಕುನ ಅಂತ ನಾನು ಬರೀಲೇ ಇಲ್ಲ. ಕಿನ್ನರಿ ಆದೋಳೇ ತರ್ತಾಳೆ ಅಂದ್ಕೊಂಡಿದ್ದೆ.”

“ನಮ್ಮಮ್ಮ ಮೇಲೆ ಕೂತಿದ್ದಾಳೆ ಸಾರ್.”

“ಅರ್ಧ ಊರೇ ಕೂತಿದೆ ಕಣಮ್ಮ. ಪ್ರಾಸ ನೀನು ನೋಡ್ಕೋ, ಅರ್ಥ ದೇವರಿಗೆ ಬಿಡು,” ಎಂದವನೇ ಬೆನ್ನಿಗೆ ಕೈಕೊಟ್ಟು ಬೆಳಕಿಗೆ ತಳ್ಳಿದ.

ಹಿಲ್ಡಾ ರಂಗದ ನಡುವಿಗೆ ನಡೆದಳು. ತಲೆಯೆತ್ತಿದರೆ ಗ್ಯಾಲರಿಯ ತುಂಬ ಗಿರಣಿಯವರೇ. ಅವರ ಮುಖ ನೋಡುತ್ತಲೇ ಬಾಯಿ ತಾನಾಗಿ ತೆರೆಯಿತು:

“ಕೆಟ್ಟವ ಸೋತ, ಒಳ್ಳೆಯವ ಗೆದ್ದ, ಮುಗಿಯಿತು ನಮ್ಮ ಆಟ;
ಬೆಳಗಾದ್ರೆ ಗಿರಣಿ ಸಿಳ್ಳೆ ಹೊಡೀತದೆ, ತಪ್ಪದು ಮಗ್ಗದ ಕಾಟ!”

ಗ್ಯಾಲರಿ ಕಾಲು ಕುಟ್ಟಿ ನಕ್ಕಿತು. ಮುಂದೆ ಹಿಲ್ಡಾ ಲಂಡನ್ನಿನ ರಂಗದ ಮೇಲೆ ರಾಣಿಯಾಗಿ ಮೆರೆದಳು. ಸಿನಿಮಾಗಳಲ್ಲಿ ನಾಯಕಿಯರಿಗೆ ಚಹಾ ತಂದುಕೊಡುವ ಕೆಲಸದವಳಾಗಿ ಬಂದು, ಒಂದೇ ಹುಬ್ಬು ಹಾರಿಸಿ, ನಾಯಕಿಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸಿದಳು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅವಳು ನೋಡುತ್ತಿದ್ದುದು ಒಂದು ಟೋಪಿಯನ್ನು ಮಾತ್ರ.

ಇಂಥ ಆಟಗಳಲ್ಲಿ ಜನ ರಂಗಕ್ಕೆ ಎದುರು ಜವಾಬು ಕೊಡುವುದು ವಾಡಿಕೆ. ಕ್ಲಾರಾ ಮಾತ್ರ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಅವಳೀಗ ಎದ್ದು, ಕಟಕಟೆಯ ಮೇಲೆ ಬಾಗಿ, ಮಗ್ಗಗಳ ಸದ್ದನ್ನು ಮೀರಿ ಕೂಗಿ ಪಳಗಿದ ಗಂಟಲನ್ನು ಪೂರ್ತಿ ತೆರೆದಳು:

“ನಮಗೆ ಮಗ್ಗ ತಪ್ಪಲ್ಲ, ನಿನಗೆ ತಪ್ತು ಕಣೇ ಹಿಲ್ಡಾ!”