ಹಿಂದಿನ ಸಾಲಿನಿಂದ ಬಂದ ಒಡಪು

ಕೊರೊನಾ ಮುಗಿದು ತರಗತಿಗಳು ಮತ್ತೆ ಸರಿಯಾಗಿ ಶುರುವಾದ ವರ್ಷ. ನಾನಾಗ ಕೊಪ್ಪಳದ ಹೊರಗಿನ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ನನ್ನೂರು ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ರೇಣುಕಾ, ಹನುಮಸಾಗರದ ಹತ್ತಿರದವಳು. ನಾನು ಪುಕ್ಕಲಿ, ಅವಳು ಯಾರಿಗೂ ಎದುರುತ್ತರ ಬಾಕಿ ಉಳಿಸಿದವಳಲ್ಲ. ಅದು ಹೇಗೆ ಜೋಡಿಯಾದೆವೋ ಗೊತ್ತಿಲ್ಲ, ಒಂದೇ ಬಕೆಟ್ಟಿನಲ್ಲಿ ಇಬ್ಬರ ಬಟ್ಟೆ ನೆನೆಸುವಷ್ಟು ಹತ್ತಿರವಾಗಿದ್ದೆವು.

ನಮ್ಮಲ್ಲಿ ಮಹಿಳಾ ದಿನಾಚರಣೆ ಎಂದರೆ ಅತಿಥಿಗಳ ಭಾಷಣ, ಮತ್ತೆ ರಂಗೋಲಿ ಸ್ಪರ್ಧೆ. "ರಂಗೋಲಿ ಹಾಕಿ ಹಾಕಿ ಸಾಕಾಗೈತಿ. ಈ ಸಲ ನಾಟಕ ಮಾಡೂಣು," ಎಂದಳು ರೇಣುಕಾ. ಕೇಳಿದರೆ ನಾಟಕಕ್ಕೆ ಅನುದಾನ ಇಲ್ಲ ಎಂದರು. ಸರಿ, ದಸರಾ ರಜೆಯಲ್ಲಿ ನಾವು ಒಂಬತ್ತು ಹುಡುಗಿಯರು ಕುಷ್ಟಗಿ ಕಡೆಯ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋದೆವು. ಒಂದು ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಮುಟ್ಟಿಸುತ್ತಾ ಸಾಲುಸಾಲು ಹೋಗುವ ಕೆಲಸ ಅದು. ನಮ್ಮ ತಾಯಂದಿರು ವರ್ಷಾನುಗಟ್ಟಲೆ ಮಾಡಿದ್ದು. ಆ ಕೂಲಿಯಲ್ಲೇ ಸೀರೆ, ಮೈಕ್ ಸೆಟ್, ತಾಯಂದಿರನ್ನು ಕರೆತರಲು ಟೆಂಪೊ, ಎಲ್ಲವೂ ಆಗಬೇಕಿತ್ತು.

ನಾಟಕ ಬರೆದವಳು ನಾನು. ಅದರ ಕೊನೆಯ ದೃಶ್ಯ ಒಡಪಿನದು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಮದುವೆ, ಬಸುರಿಗೆ ಮಾಡುವ ಕುಪ್ಪಸದ ಕಾರ್ಯಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ ಪ್ರಾಸದ ಎರಡು ಸಾಲು ಹೇಳಿ, ಕೊನೆಗೆ ಹೆಸರು ಸೇರಿಸಬೇಕು. ಅದೇ ಒಡಪು. ಮದುಮಗಳು ತಡವರಿಸಿದರೆ ಹಿಂದೆ ಕೂತ ಹಿರಿಯರು ಎತ್ತಿಕೊಡುತ್ತಾರೆ. ನಮ್ಮ ನಾಟಕದಲ್ಲಿ ಮದುಮಗಳು ಒಡಪು ಹೇಳಿ, ಗಂಡನ ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಹೇಳುತ್ತಾಳೆ. ಅಷ್ಟೇ.

ಮದುಮಗಳ ಪಾತ್ರ ರೇಣುಕಾಳದು. ಅವಳ ಅವ್ವ ಹನುಮವ್ವನನ್ನು ಊರಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೊದಲು ಬಸಪ್ಪನ ಹೆಣತಿ, ಬಸಪ್ಪ ತೀರಿಕೊಂಡ ಮೇಲೆ ರೇಣುಕಾನ ಅವ್ವ. ರೇಣುಕಾ ಮನೆಗೆ ಹೋದಾಗಲೆಲ್ಲ ರೊಟ್ಟಿ ಬಡಿಯುವ ಅವ್ವನ ಪಕ್ಕ ಕೂತು ಒಡಪಿನ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಕೊನೆಯ ಹೆಸರನ್ನು ಮಾತ್ರ ಮುಚ್ಚಿಟ್ಟಿದ್ದಳು. "ಅದನ್ನ ಅವ್ವ ಕುರ್ಚಿ ಮ್ಯಾಲ ಕುಂತು ಕೇಳಬೇಕ ನೋಡ. ಮತ್ತೇನೂ ಬ್ಯಾಡ ನನಗ," ಎನ್ನುತ್ತಿದ್ದಳು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಸಾಂಸ್ಕೃತಿಕ ಸಮಿತಿಯ ಸರ್ ಕರೆಸಿದರು. ನನ್ನ ಹಸ್ತಪ್ರತಿಯ ಕೊನೆಯ ಪುಟದ ಮೇಲೆ ಕೆಂಪು ಗೀಟು ಬಿದ್ದಿತ್ತು.

"ಇದನ್ನ ತಗೀರಿ. ಪಾಲಕರು ಬರ್ತಾರ, ಅತಿಥಿಗಳು ಬರ್ತಾರ. ನಮ್ಮ ಸಂಸ್ಕೃತಿಗಿ ಅವಮಾನ ಅಂದ್ರ ನಾಳೆ ಉತ್ತರ ಕೊಡಾವ್ರು ಯಾರು?" ಎಂದರು.

"ಒಬ್ಬಾಕಿ ತನ್ನ ಹೆಸರ ತಾ ಹೇಳಿದ್ರ ಅವಮಾನ ಹೆಂಗ ಆಗತೈತ್ರಿ ಸರ್? ಮತ್ತ ನಾವು ನಿಮ್ಮ ಕಡೆ ರೊಕ್ಕಾನೂ ಕೇಳಿಲ್ರಿ," ಎಂದಳು ರೇಣುಕಾ.

"ರೊಕ್ಕ ನಿಮ್ದ ಇರಬಹುದವಾ. ವೇದಿಕಿ ನಿಮ್ದಲ್ಲ."

ಸರ್ ಕೆಟ್ಟವರಲ್ಲ. ನನ್ನ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಂಡಾಗ ಮೂರು ಸಲ ಕಚೇರಿಗೆ ಅಲೆದವರು ಅವರೇ. ಆ ದಿನ ಮಾತ್ರ ಅವರೂ ಯಾರಿಗೋ ಹೆದರಿದಂತಿತ್ತು. ದೃಶ್ಯ ತೆಗೆದಿದ್ದೇವೆ ಎಂದು ಬರೆದು ಸಹಿ ಮಾಡಿದರೆ ಸಭಾಂಗಣ, ಇಲ್ಲದಿದ್ದರೆ ಎಲ್ಲರ ಮನೆಗೂ ಪತ್ರ ಎಂದರು. ಮನೆಗೆ ಪತ್ರ ಎಂದದ್ದೇ ನಾನು ಪೆನ್ನು ತೆಗೆದುಕೊಂಡೆ. ಬರೆದವಳು ನಾನಲ್ಲವೇ, ಸಹಿಯನ್ನೂ ನಾನೇ ಮಾಡಿದೆ. ಮದುಮಗಳು ತಲೆ ತಗ್ಗಿಸಿ ನಿಲ್ಲುವಲ್ಲಿಗೆ ಪರದೆ ಬೀಳುವುದೆಂದು ಆಯಿತು.

ಹೊರಗೆ ಬಂದ ಮೇಲೆ ರೇಣುಕಾ, "ನೀ ಯಾಕ ಸಹಿ ಮಾಡಿದಿ?" ಎಂದು ಒಂದೇ ಮಾತು ಕೇಳಿದಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ತನ್ನ ಬಟ್ಟೆಗಳನ್ನು ಪಕ್ಕದ ಕೋಣೆಯವರ ಬಕೆಟ್ಟಿನಲ್ಲಿ ನೆನೆಸಿದಳು. ನನಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ನಾಟಕದ ದಿನ ಮಧ್ಯಾಹ್ನ ಟೆಂಪೊ ಬಂತು. ಇಳಕಲ್ ಸೀರೆಗಳ ಸೆರಗು ಸರಿಮಾಡಿಕೊಳ್ಳುತ್ತಾ ತಾಯಂದಿರೆಲ್ಲ ಹಿಂದಿನ ಸಾಲುಗಳಲ್ಲಿ ಕೂತರು. ಮುಂದಿನ ಕುರ್ಚಿಗಳು ಖಾಲಿ ಇದ್ದರೂ ಯಾರೂ ಮುಂದೆ ಬರಲಿಲ್ಲ. ನಾಟಕ ಚೆನ್ನಾಗಿಯೇ ಹೋಯಿತು. ಹೊಲದ ದೃಶ್ಯದಲ್ಲಿ ನಾವು ಹೂ ಮುಟ್ಟಿಸುವ ರೀತಿ ನೋಡಿ ಅವರೆಲ್ಲ ನಕ್ಕು ನಕ್ಕು ಸುಸ್ತಾದರು. ಕೊನೆಗೆ ಮದುಮಗಳು ಬಂದಳು. ಉಳಿದ ಹುಡುಗಿಯರು ಅಡ್ಡ ನಿಂತು, "ಒಡಪು ಹಾಕಿ ಹೆಸರ ಹೇಳವಾ, ಬಿಡ್ತೀವಿ," ಎಂದರು. ರೇಣುಕಾ ಒಪ್ಪಂದದಂತೆ ತಲೆ ತಗ್ಗಿಸಿ ನಿಂತಳು.

ಪರದೆ ಎಳೆಯಬೇಕಾದವಳು ನಾನು. ಹಗ್ಗಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಹನುಮವ್ವ ಎದ್ದು ನಿಂತರು. ದೃಶ್ಯ ಕತ್ತರಿಸಿದ್ದು ಅವರಿಗೇನು ಗೊತ್ತು. ಮಗಳು ಒಡಪು ಮರೆತಳು ಎಂದುಕೊಂಡಿದ್ದರು. ಮದುವೆ ಮನೆಯಲ್ಲಿ ಮಾಡುವಂತೆ ಅಲ್ಲಿಂದಲೇ ಎತ್ತಿಕೊಟ್ಟರು.

"ಹೂವಿಗಿ ಹೂವು ಮುಟ್ಟಿಸಿ ಬೀಜ ಕಟ್ಟಿದಾಕಿ, ಹಿಟ್ಟು ನಾದಿ ಮನಿಮಂದಿಗೆಲ್ಲ ರೊಟ್ಟಿ ತಟ್ಟಿದಾಕಿ..."

ಅಲ್ಲಿಗೆ ನಿಂತರು. ಮುಂದಿನದು ಅವರಿಗೆ ತಿಳಿಯದು. ಪಕ್ಕದ ಹೆಂಗಸರು ಬಿಡುತ್ತಾರೆಯೇ, "ಹೆಸರ ಹೇಳಬೇ, ಹೆಸರ," ಎಂದು ನಗುತ್ತಾ ಗಂಟುಬಿದ್ದರು. ಹನುಮವ್ವ ಮಗಳ ಮುಖ ನೋಡಿದರು. ರೇಣುಕಾ ತಲೆ ಎತ್ತಿ, ಮೈಕಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಿಂದ ಹೇಳ ಯವ್ವಾ," ಎಂದಳು.

ಅವರು ಸೆರಗು ತಲೆ ಮೇಲೆ ಎಳೆದುಕೊಂಡು, "ಹನುಮವ್ವ," ಎಂದರು. ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವ ಹಾಗೆ. ಸಭಾಂಗಣದಲ್ಲಿ ಚಪ್ಪಾಳೆ ಬೀಳಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಮಾತ್ರ, "ನಿನ್ನ ಹೆಸರು ಹನುಮವ್ವ ಏನ ಬೇ, ನನಗ ಗೊತ್ತ ಇದ್ದಿಲ್ಲ," ಎಂದಳು. ನಾನು ಹಗ್ಗ ಹಿಡಿದುಕೊಂಡೇ ಅತ್ತೆ. ರೇಣುಕಾ ಒಳಗೆ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ದಿನದ ಸಿಟ್ಟು ಅಲ್ಲಿಗೆ ಮುಗಿಯಿತು.

ಮುಗಿಯದಿದ್ದದ್ದು ಬೇರೆ ಇತ್ತು. ಮರುದಿನ ಸಮಿತಿಯವರು ವಿವರಣೆ ಕೇಳಿದರು. ನನ್ನ ಸಹಿ ಕಡತದಲ್ಲಿತ್ತು, ಹಾಗಾಗಿ ನನ್ನನ್ನು ಬಿಟ್ಟರು. ವೇದಿಕೆಯ ಮೇಲೆ ಮಾತು ಮೀರಿದವಳು ಎಂದು ರೇಣುಕಾಳ ಮನೆಗೆ ಪತ್ರ ಹೋಯಿತು. ಅವಳ ಅಣ್ಣ ಬಂದು ಸಾಮಾನು ಕಟ್ಟಿಸಿದ. ಅವಳು ಅಳಲಿಲ್ಲ. "ಬಕೆಟ್ ನೀನ ಇಟ್ಕೊ, ಬೈಕ್ ಮ್ಯಾಲ ಒಯ್ಯಾಕ ಬರೂದಿಲ್ಲ," ಎಂದು ನಕ್ಕಳು. ಪರೀಕ್ಷೆಗೆ ಅಣ್ಣನ ಜೊತೆ ಬಂದು ಬರೆದು ಹೋದಳು. ಆಮೇಲೆ ಸೊಲ್ಲಾಪುರದ ಕಡೆ ಮದುವೆಯಾಯಿತು ಎಂದು ಯಾರೋ ಹೇಳಿದರು. ಅವಳ ನಂಬರ್ ಈಗ ಯಾರದೋ ಆಗಿದೆ. ನಾನು ಫೋನ್ ಮಾಡಿದರೆ ಹಿಂದಿಯಲ್ಲಿ ಮಾತಾಡುತ್ತಾರೆ.

ನನ್ನ ಮದುವೆ ಗಂಗಾವತಿಯಲ್ಲಾಯಿತು. ಹನುಮವ್ವನ ಕೈಗೇ ಪತ್ರಿಕೆ ಕೊಟ್ಟು, ರೇಣುಕಾಳಿಗೆ ತಲುಪಿಸಿ ಎಂದು ಬೇಡಿಕೊಂಡಿದ್ದೆ. ಅವಳು ಬರಲಿಲ್ಲ. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತಾಗ ನನ್ನ ಬಾಯಿಗೆ ಬಂದದ್ದು ಅದೇ ಎರಡು ಸಾಲು. ತಟ್ಟಿದಾಕಿ ಎನ್ನುವಲ್ಲಿಗೆ ನಾನೂ ನಿಂತೆ. ಬೇಕೆಂದೇ ನಿಂತೆ. ತಲೆ ಎತ್ತಿ ಹಿಂದಿನ ಸಾಲಿನ ಕಡೆ ನೋಡಿದೆ. ಗಂಡನ ಸೋದರತ್ತೆ ಪಾಪ, ಮರೆತಳು ಎಂದುಕೊಂಡು, "ವೀರೇಶನ ಹೆಣತಿ ಅನ್ನವಾ," ಎಂದು ಎತ್ತಿಕೊಟ್ಟರು. ನಾನು ಹಾಗೆಯೇ ಹೇಳಿದೆ. ಒಡಪು ಹೊಸದಾಗಿದೆ, ಛಲೋ ಇದೆ ಎಂದು ಎಲ್ಲರೂ ಹೊಗಳಿದರು.

ನನ್ನ ಗಂಡ ಒಳ್ಳೆಯವರು. ಅವರ ಹೆಸರು ಹೇಳಿದ್ದಕ್ಕೆ ನನಗೆ ಬೇಸರವೇನೂ ಇಲ್ಲ. ಆದರೆ ಆವತ್ತು ನನಗೆ ಎತ್ತಿಕೊಡಬೇಕಾಗಿದ್ದ ದನಿ ಬೇರೆ. ಈಗಲೂ ಯಾರದೇ ಮದುವೆಗೆ ಹೋಗಲಿ, ಮದುಮಗಳು ಒಡಪು ಶುರು ಮಾಡಿದ ಕೂಡಲೇ ಎಲ್ಲರೂ ಅವಳ ಮುಖ ನೋಡಿದರೆ, ನಾನು ತಿರುಗಿ ಹಿಂದಿನ ಸಾಲು ನೋಡುತ್ತೇನೆ, ರೇಣುಕಾ ಬಂದು ಕೂತಿದ್ದಾಳೇನೋ ಎಂದು.