ತೊಡೆಗೆ ಮೊದಲು ಮಣ್ಣು

ನಾನು ಹತ್ತಿದ್ದ ಕೊಣನೂರಿನ ಬಸ್ಸು ಹೊಳೆನರಸೀಪುರದಲ್ಲಿ ಇಂಜಿನ್ ಕಾದು ನಿಂತಿತು. ಇಲ್ಲಿನ ದೊಡ್ಡ ಪೈಲ್ವಾನರೊಬ್ಬರು ನಮ್ಮ ಮುತ್ತಾತ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಕಡ್ಡಿಯಂಥ ನನ್ನನ್ನು ನೋಡಿ ಯಾರೂ ನಂಬುತ್ತಿರಲಿಲ್ಲ. ಇಂಜಿನ್ ಆರುವಷ್ಟರಲ್ಲಿ ಕೇಳಿಯೇಬಿಡೋಣವೆಂದು ಪಕ್ಕದಲ್ಲೇ ಇದ್ದ ಗರಡಿಮನೆಗೆ ಹೋದೆ.

ಒಳಗೆ ಅರಿಸಿನ, ಎಣ್ಣೆ ಬೆರೆತ ಕೆಮ್ಮಣ್ಣಿನ ವಾಸನೆ. ಬೆಳಕಿಂಡಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಯಾವಾಗಲೋ ಇಲ್ಲಿದ್ದೆ ಎನ್ನಿಸಿತು. ಅಪ್ಪ ಗದ್ದೆಗಿಳಿಯುವಾಗ ಮಾಡುತ್ತಿದ್ದಂತೆ, ನನಗೇ ತಿಳಿಯದೆ ಮಣ್ಣು ಮುಟ್ಟಿ ಮೊದಲು ತೊಡೆಗೆ, ಆಮೇಲೆ ಹಣೆಗೆ ಹಚ್ಚಿಕೊಂಡೆ.

ಮಣ್ಣು ಕೆದಕುತ್ತಿದ್ದ ಮುದಿ ಉಸ್ತಾದರು ಗುದ್ದಲಿ ನಿಲ್ಲಿಸಿದರು.

“ಅಂಗೆ ತೊಡೆಗೆ ಮೊದ್ಲು ಅಚ್ಕಳಾದು ಈ ಗರಡಿಯೋರೇ ಕಣಪ್ಪ. ಯಾರ ಮನೆಯವ್ನು?”

ಮುತ್ತಾತನ ಹೆಸರು ಹೇಳಿದೆ. ಅವರು ನನ್ನ ಸಣಕಲು ತೋಳನ್ನೇ ನೋಡಿದರು.

“ಅಂಗಿ ಬಿಚ್ಚಾಕಿ ಇಳಿ ಕಣ್ಲಾ. ಮಣ್ಣೇ ಯೋಳ್ತದೆ.”

ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಆಗಲೇ ಅಂಗಿ ಕಳಚಿ ಗೂಟಕ್ಕೆ ಹಾಕಿದ್ದೆ.