ಇಬ್ಬರ ಹೆಸರಿನ ಲೈಸೆನ್ಸ್

ಸಭೆಯಲ್ಲಿ ನಲವತ್ತು ಜನರಿದ್ದರು. ಎಲೆಕ್ಟ್ರಾನಿಕ್ ಚಿಪ್ಪುಗಳ ಮಾಹಿತಿಯನ್ನು ಪುಕ್ಕಟೆಯಾಗಿ ಹಂಚುವ ಸಂಘದವರು, ಆ ವರ್ಷ ಹೆಚ್ಚು ಜನಕ್ಕೆ ಉಪಯೋಗವಾದ ಫೈಲುಗಳನ್ನು ಮಾಡಿಕೊಟ್ಟವರಿಗೆ ಮೈಕಿನಲ್ಲಿ ವಂದನೆ ಹೇಳುತ್ತಿದ್ದರು. ಐದನೆಯ ಹೆಸರು ಬಂತು. “ಇಲ್ಲಿ ನಿಮ್ಮ ಹೆಸರು ಬರೆಯಿರಿ” ಎಂದು ಓದಿದ ಕಾರ್ಯದರ್ಶಿ ಒಂದು ಕ್ಷಣ ತಡೆದು, “ಬರೆಯಿರಿ ಅವರು ಬಂದಿದ್ದಾರಾ?” ಎಂದು ಸಭೆಯತ್ತ ನೋಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ಪಿನ್ನಕ್ಕ ಕೈಯನ್ನು ಕಿವಿಯವರೆಗೆ ಎತ್ತಿದವಳು, ಕೂದಲು ಸರಿಮಾಡಿಕೊಂಡವಳಂತೆ ಇಳಿಸಿಬಿಟ್ಟಳು.

ಫೈಲು ಅವಳದೇ. ಆರು ವರ್ಷದ ಹಿಂದೆ ಅದನ್ನು ಇಂಟರ್ನೆಟ್ಟಿಗೆ ಹಾಕುವಾಗ ಅದನ್ನು ಯಾರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸಿನ ಒಕ್ಕಣೆಯನ್ನು ಯಾರದೋ ಫೈಲಿನಿಂದ ಹಾಗೇ ತಂದು ಅಂಟಿಸಿದ್ದಳು. ಬಿಟ್ಟ ಸ್ಥಳ ತುಂಬುವುದನ್ನು ಮಾತ್ರ ಬಿಟ್ಟಿದ್ದಳು.

ಪಿನ್ನಕ್ಕ ನನ್ನ ದೊಡ್ಡಮ್ಮನ ಮಗಳು. ತೂಕದ ಯಂತ್ರ ಮಾಡುವ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಆ ಯಂತ್ರದ ಹೊಟ್ಟೆಯಲ್ಲಿ ಅದನ್ನು ನಡೆಸುವ ಉಗುರಗಲದ ಮೈಕ್ರೋಕಂಟ್ರೋಲರ್ ಚಿಪ್ಪು ಒಂದಿರುತ್ತದೆ. ಅದಕ್ಕೆ ನಲವತ್ತನಾಲ್ಕು ಕಾಲು. ಕಾಲಿಗೆ ಅವರ ಭಾಷೆಯಲ್ಲಿ ಪಿನ್ನು. ಚಿಪ್ಪು ಮಾಡಿದ ಕಂಪನಿ ಮುಚ್ಚಿಹೋಗಿ, ಯಾವ ಪಿನ್ನಿಗೆ ಯಾವ ಕೆಲಸ ಎಂದು ಹೇಳುವ ಪುಸ್ತಕವೂ ಎಲ್ಲೂ ಸಿಗದೆ ಹೋದಾಗ, ಇವಳು ಮೀಟರ್ ಹಿಡಿದು ಒಂದೊಂದೇ ಕಾಲು ಮುಟ್ಟಿ ಬರೆದಿಟ್ಟಳು. ಮನುಷ್ಯರ ಕಾಲು ಹಿಡಿದು ಅಭ್ಯಾಸವಿಲ್ಲದವಳು ಚಿಪ್ಪಿನ ಕಾಲು ಬಿಡಲಿಲ್ಲ ಎಂದು ನಾವು ನಗುತ್ತಿದ್ದೆವು. ಹೆಸರು ಅಲ್ಲಿಂದ ಬಂತು.

ಪಿನ್ನುಗಳು ಅರ್ಧ ಕೆಲಸ. ಚಿಪ್ಪಿನೊಳಗೆ ಯಾವ ಗೂಡಿನಲ್ಲಿ ಯಾವ ಅಂಕಿ ಕೂರುತ್ತದೆ ಎಂದು ಹುಡುಕುವ ಇನ್ನರ್ಧ ಮಾಡಿದವರು ಎದುರು ಮೇಜಿನವರು. ಯಾರು ಏನು ಹೇಳಿದರೂ “ಬೇಡ” ಅನ್ನುತ್ತಿದ್ದುದರಿಂದ ಇಡೀ ವಿಭಾಗ ಅವರನ್ನು, ಕರೆಂಟಿಗೆ ಅಡ್ಡ ನಿಲ್ಲುವ ಬಿಡಿಭಾಗದ ಹೆಸರಿಟ್ಟು, ರೆಸಿಸ್ಟರ್ ಎಂದು ಕರೆಯುತ್ತಿತ್ತು. ಟೀ? ಬೇಡ. ಫ್ಯಾನು? ಬೇಡ. ಬಡ್ತಿ? ಅದೂ ಬೇಡ. ಕಾನ್ವೆಂಟ್ ಶಾಲೆಯಲ್ಲಿ ನಮಗೆ ಪಾಠ ಹೇಳಿದವರೆಲ್ಲ ಸಿಸ್ಟರುಗಳು. ಅವಳಿಗೆ ಆಮೇಲೆ ಸಿಕ್ಕವರು ರೆಸಿಸ್ಟರು. ಒಂಬತ್ತು ವರ್ಷ ಇಬ್ಬರೂ ಒಂದೇ ದೀಪದ ಕೆಳಗೆ, ಒಂದೇ ಭೂತಗನ್ನಡಿಯನ್ನು ಅತ್ತಿಂದಿತ್ತ ದಾಟಿಸಿಕೊಂಡು ಕೆಲಸ ಮಾಡಿದರು. ಎಂಟು ವರ್ಷದ ಹಿಂದೆ ಅವರು ಕೆಲಸ ಬಿಟ್ಟು ಅಣ್ಣನ ಊರಿಗೆ ಹೊರಟಾಗ ಇವಳು ಬಸ್ ನಿಲ್ದಾಣದವರೆಗೆ ಹೋಗಿದ್ದಳು. ಬಸ್ಸು ಬಂದಮೇಲೆ ಅವರು ಏನೋ ಹೇಳಲು ಬಾಯಿ ತೆರೆದು, “ಬೇಡ, ಬಿಡಿ” ಅಂದರಂತೆ. ಆ ಬಿಡಿಮಾತನ್ನು ಅವಳು ಇಡಿಯಾಗಿ ಇಟ್ಟುಕೊಂಡಿದ್ದಾಳೆ. ವಿಳಾಸ ಅವಳ ಹತ್ತಿರ ಇತ್ತು. ನೆಪ ಇರಲಿಲ್ಲ.

ನೆಪವನ್ನು ಕಾರ್ಯದರ್ಶಿಯೇ ಕೊಟ್ಟರು. ಸಭೆ ಮುಗಿದ ಮೇಲೆ ಪಿನ್ನಕ್ಕ ಹೋಗಿ ತಪ್ಪೊಪ್ಪಿಕೊಂಡಾಗ, ಒಡೆಯರಿಲ್ಲದ ಲೈಸೆನ್ಸು ನಡೆಯುವುದಿಲ್ಲ, ಹೊಸದು ಆರಿಸಿಕೊಳ್ಳಿ, ಮಾಡಿದವರು ಇಬ್ಬರಾದರೆ ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಬೇಕು ಎಂದರು. ಆಯ್ಕೆ ಮೂರು. ಮೊದಲನೆಯದರಲ್ಲಿ ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು, ಮಾಡಿದವರ ಹೆಸರೂ ಹೇಳಬೇಕಾಗಿಲ್ಲ. ಎರಡನೆಯದರಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಹೆಸರು ಮಾತ್ರ ಅಳಿಸುವ ಹಾಗಿಲ್ಲ. ಮೂರನೆಯದರಲ್ಲಿ ತಿದ್ದಿ ಹಂಚುವವರು ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಕೊಡಬೇಕು.

ಭಾನುವಾರ ನಾನು ಹೋದಾಗ ಅವಳು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ರೆಸಿಸ್ಟರಿಗೆ ಬರೆಯುತ್ತಿದ್ದಳು. ಅಳಿಸಿ ಅಳಿಸಿ, ಏಳನೆಯ ಸಲ. ಎರಡನೆಯ ಲೈಸೆನ್ಸು ಆಗಬಹುದೇ ಎಂದಷ್ಟೇ ಇತ್ತು, ಸರ್ಕಾರಿ ನೋಟೀಸಿನ ಹಾಗೆ.

“ಹೇಗಿದ್ದೀರಿ ಅಂತಾದ್ರೂ ಕೇಳಕ್ಕಾ,” ಅಂದೆ.

“ಕೇಳಿದ್ರೆ ಚೆನ್ನಾಗಿದ್ದೀನಿ ಅಂತಾರೆ. ಅಲ್ಲಿಗೆ ಮುಗೀತು.”

“ಇದಕ್ಕೂ ಬೇಡ ಅಂದ್ರೆ?”

ಅವಳು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದಳು. “ಆಗ ಅವರು ಮೊದಲನೇದನ್ನಷ್ಟೇ ಒಪ್ಪೋದು. ಯಾರ ಹೆಸರೂ ಇರಲ್ಲ. ನಾವಿಬ್ರೂ ಜೊತೆಗೆ ಏನಾದ್ರೂ ಮಾಡಿದ್ವಿ ಅನ್ನೋದಕ್ಕೆ ಬೇರೆ ಎಲ್ಲೂ ಏನೂ ಇಲ್ಲ ಕಣೋ.”

ನನಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ.

ಹನ್ನೆರಡು ದಿನ ಉತ್ತರವಿಲ್ಲ. ಊಟದ ಬಿಡುವಿನಲ್ಲಿ ಅವಳು ಡಬ್ಬಿ ತೆರೆಯುವ ಮೊದಲು ಮೇಲ್ ತೆರೆಯುತ್ತಾಳೆ, ಆಮೇಲೆ ಎರಡನ್ನೂ ಮುಚ್ಚುತ್ತಾಳೆ ಎಂದು ಅವಳ ವಿಭಾಗದ ಹುಡುಗಿಯೊಬ್ಬಳು ನನಗೆ ಹೇಳಿದಳು. ಹದಿಮೂರನೆಯ ದಿನ ಬಂತು. ಒಂದೇ ಪದ: “ಸರಿ.”

ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ಯಾರೂ ಕೇಳದ ಪದ. ಅವಳು ಅದನ್ನು ಪ್ರಿಂಟ್ ತೆಗೆಸಿದಳು. ಅಷ್ಟು ದೊಡ್ಡ ಹಾಳೆಯ ನಡುವೆ ಅಷ್ಟೇ. ಸಂಜೆ ನಾನು ಹೋಗುವಷ್ಟರಲ್ಲಿ ಲೈಸೆನ್ಸು ಅಂಟಿಸಿ, ಹೆಸರು ತುಂಬಿ, ಕಳಿಸಿಯೂ ಆಗಿತ್ತು. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದಳು.

“ಅಂತೂ ಇಬ್ಬರ ಹೆಸರೂ ಅಕ್ಕಪಕ್ಕ ಬಂತಲ್ಲಕ್ಕಾ. ಇನ್ನು ಯಾರೂ ಅಳಿಸೋ ಹಾಗಿಲ್ಲ,” ಅಂದೆ. “ನೋಡಿದಾಗ ಹೇಗನ್ನಿಸ್ತು?”

ನಲ್ಲಿ ನಿಲ್ಲಿಸಿ, ಲೋಟವನ್ನು ಬೋರಲು ಹಾಕಿ, ಅವಳು ಹೇಳಿದಳು:

“ಸಾಲು ಸಾಲಲಿಲ್ಲ ಕಣೋ. ಅವರದು ಕೆಳಗಿನ ಸಾಲಿಗೆ ಹೋಯ್ತು.”